ಪ್ಲೇಟೋನ ಅಕಾಡೆಮಿ ನಿಜವಾಗಿಯೂ ಒಂಬೈನೂರು ವರ್ಷ ನಡೆಯಿತೇ?

ಓದುಮನೆ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಪ್ರೌಢಶಾಲೆಯ ಮಕ್ಕಳಿಗೆ ಒಂದು ಗಂಟೆ ಇತಿಹಾಸ ಹೇಳುತ್ತೇನೆ. ಮುಂದಿನ ವಾರಕ್ಕೆ ಅಥೆನ್ಸಿನ ಅಕಾಡೆಮಿಯನ್ನು ಆರಿಸಿಕೊಂಡು ಟಿಪ್ಪಣಿ ಬರೆಯಲು ಕುಳಿತಾಗ ಮೊದಲ ವಾಕ್ಯದಲ್ಲೇ ತೊಡಕು ಎದುರಾಯಿತು. ಪ್ಲೇಟೋ ಕ್ರಿ.ಪೂ. 387ರ ಸುಮಾರಿಗೆ ಅಕಾಡೆಮಿಯನ್ನು ಆರಂಭಿಸಿದನೆಂದೂ, ಅದು ಒಂಬೈನೂರಕ್ಕೂ ಹೆಚ್ಚು ವರ್ಷ ನಡೆದು ಕ್ರಿ.ಶ. 529ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅದನ್ನು ಮುಚ್ಚಿಸಿದನೆಂದೂ ನಾನು ಶಾಲೆಯಲ್ಲಿ ಓದಿದ್ದೆ. ಆದರೆ ಕ್ರಿ.ಪೂ. 86ರಲ್ಲಿ ರೋಮನ್ ಸೇನಾಪತಿ ಸುಲ್ಲಾ ಅಥೆನ್ಸಿಗೆ ಮುತ್ತಿಗೆ ಹಾಕಿದಾಗ ಅಕಾಡೆಮಿಯ ತೋಪನ್ನೇ ಕಡಿಸಿದನೆಂದು ಇನ್ನೊಂದು ಕಡೆ ಓದಿದೆ. ತೋಪು ಹೋಯಿತು, ಗುರುಗಳು ಊರು ಬಿಟ್ಟರು ಎಂದಾದರೆ ಆರುನೂರು ವರ್ಷಗಳ ನಂತರ ಜಸ್ಟಿನಿಯನ್ ಮುಚ್ಚಿಸಿದ್ದು ಏನನ್ನು? ಜೊತೆಗೆ, ಪ್ಲೇಟೋ ಮತ್ತು ಅರಿಸ್ಟಾಟಲ್‌ರನ್ನು ಬಿಟ್ಟರೆ ಅಲ್ಲಿದ್ದ ವಿದ್ವಾಂಸರ ಹೆಸರು ನನಗೆ ಹೆಚ್ಚು ಗೊತ್ತಿಲ್ಲ. ತಿಳಿದವರು ದಯವಿಟ್ಟು ಬರೆಯಬೇಕು. ಮಕ್ಕಳ ಮುಂದೆ ತಪ್ಪು ಹೇಳಲು ನನಗೆ ಮನಸ್ಸಿಲ್ಲ.

ತುಂಗಾತೀರ:
ನಿಮ್ಮ ಶಾಲೆಯ ಪಾಠ ತಪ್ಪಲ್ಲ. ವಿದ್ಯಾಪೀಠವೆಂದರೆ ಮರಗಳೂ ಅಲ್ಲ, ಗೋಡೆಗಳೂ ಅಲ್ಲ. ಅದು ಗುರುವಿನಿಂದ ಶಿಷ್ಯನಿಗೆ ಇಳಿದುಬರುವ ಪರಂಪರೆ. ಐದನೆಯ ಶತಮಾನದಲ್ಲಿ ಅಥೆನ್ಸಿನಲ್ಲಿ ಪಾಠ ಹೇಳುತ್ತಿದ್ದ ಪ್ರೋಕ್ಲಸನನ್ನು ‘ಡಯಾಡೋಕಸ್’ ಎಂದು ಕರೆಯುತ್ತಿದ್ದರು. ಆ ಪದಕ್ಕೆ ಉತ್ತರಾಧಿಕಾರಿ ಎಂದೇ ಅರ್ಥ. ಯಾರ ಉತ್ತರಾಧಿಕಾರಿ? ಪ್ಲೇಟೋನದೇ. ನಮ್ಮ ಕಡೆಯ ಮಠಗಳು ಯುದ್ಧವೋ ಬರವೋ ಬಂದಾಗ ಊರು ಬದಲಿಸಿದ್ದುಂಟು, ಆದರೂ ಅದೇ ಮಠವೆಂದು ನಾವು ಒಪ್ಪುತ್ತೇವೆ. ಗ್ರೀಕರಿಗೆ ಮಾತ್ರ ಬೇರೆ ನ್ಯಾಯ ಏಕೆ?

ಶಾಸನಪ್ರಿಯ:
ತುಂಗಾತೀರ ಅವರೇ, ಹೋಲಿಕೆ ಆಕರ್ಷಕವಾಗಿದೆ. ಆದರೆ ದಾಖಲೆಗಳು ಅದನ್ನು ಬೆಂಬಲಿಸುವುದಿಲ್ಲ. ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಎಲ್ಲರೂ ಮನ್ನಿಸಬೇಕು.

ಮೊದಲಿಗೆ ಸ್ಥಳದ ವಿಚಾರ. ಅಕಾಡೆಮಿ ಎಂಬುದು ಪ್ಲೇಟೋ ಇಟ್ಟ ಹೆಸರಲ್ಲ. ಅದು ಅಥೆನ್ಸಿನ ದೀಪಿಲಾನ್ ಹೆಬ್ಬಾಗಿಲಿನಿಂದ ಆರು ಸ್ಟೇಡಿಯ, ಅಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿದ್ದ ಒಂದು ಹೊರವಲಯದ ಹೆಸರು. ಅಕಾಡೆಮಸ್ ಅಥವಾ ಹೆಕಡೆಮಸ್ ಎಂಬ ಪುರಾಣವೀರನ ಹೆಸರಿನಿಂದ ಅದು ಬಂದಿದೆ. ಅಲ್ಲಿ ಅಥೀನಾ ದೇವಿಗೆ ಮೀಸಲಾದ ಆಲಿವ್ ಮರಗಳಿದ್ದವು, ಊರಿನ ತರುಣರು ಸಾಧನೆ ಮಾಡುವ ಸಾರ್ವಜನಿಕ ಗರಡಿಮನೆಯಿತ್ತು, ಕಿಮೋನ್ ಎಂಬ ಮುಖಂಡ ನೀರು ಹಾಯಿಸಿ ಬೆಳೆಸಿದ ನೆರಳಿನ ದಾರಿಗಳಿದ್ದವು. ಪ್ಲೇಟೋ ಆ ಗರಡಿಯಲ್ಲಿ ಚರ್ಚೆ ನಡೆಸುತ್ತಿದ್ದ; ಅದರ ಪಕ್ಕದಲ್ಲಿ ಒಂದು ಸಣ್ಣ ತೋಟ ಅವನ ಸ್ವಂತದ್ದಾಗಿತ್ತು. ಗರಡಿ ಊರಿನದು, ತೋಟ ಅವನದು ಎಂಬ ಭೇದವನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಎರಡನೆಯದು ಉಯಿಲು. ಪ್ಲೇಟೋನ ಉಯಿಲಿನ ಪಾಠವನ್ನು ತತ್ತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯೋಜಿನಿಸ್ ಲಾಯೆರ್ಟಿಯಸ್ ಉಳಿಸಿಕೊಟ್ಟಿದ್ದಾನೆ. ಅದರಲ್ಲಿ ಎರಡು ಜಮೀನುಗಳ ಗಡಿ, ಬೆಳ್ಳಿಯ ಪಾತ್ರೆಗಳ ತೂಕ, ಬಿಡುಗಡೆಯಾದ ದಾಸಿಯೊಬ್ಬಳ ಹೆಸರು, ತನಗೆ ಯಾರ ಸಾಲವೂ ಇಲ್ಲವೆಂಬ ಮಾತು, ಎಲ್ಲವೂ ಇವೆ. ವಿದ್ಯಾಪೀಠದ ಬಗ್ಗೆ ಒಂದಕ್ಷರವೂ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಅರಿಸ್ಟಾಟಲನ ನಂತರ ಲೈಸಿಯಮ್ಮನ್ನು ನಡೆಸಿದ ಥಿಯೋಫ್ರಾಸ್ಟಸ್ ತನ್ನ ಉಯಿಲಿನಲ್ಲಿ ತೋಟವನ್ನೂ ಮನೆಗಳನ್ನೂ ಗೆಳೆಯರೆಲ್ಲ ಒಟ್ಟಾಗಿ ಅಧ್ಯಯನಕ್ಕೆ ಬಳಸಬೇಕು, ಯಾರೂ ಮಾರಕೂಡದು ಎಂದು ಸ್ಪಷ್ಟವಾಗಿ ಬರೆಸಿದ. ಅಕಾಡೆಮಿಯನ್ನು ದತ್ತಿ ಪಡೆದ ಮಠದಂತೆ ಕಲ್ಪಿಸಿಕೊಳ್ಳುವುದು ಆರಂಭದ ಕಾಲಕ್ಕೇ ಸರಿಹೊಂದುವುದಿಲ್ಲ.

ಬೆಳ್ಳಕ್ಕಿ:
ಹಾಗಾದರೆ ಮುಂದಿನ ಮುಖ್ಯಸ್ಥರನ್ನು ಯಾರು ನೇಮಿಸುತ್ತಿದ್ದರು?

ಶಾಸನಪ್ರಿಯ:
ಪ್ಲೇಟೋ ಕ್ರಿ.ಪೂ. 347ರಲ್ಲಿ ತೀರಿಹೋದ ಮೇಲೆ ಅವನ ಸೋದರಿಯ ಮಗ ಸ್ಪ್ಯೂಸಿಪ್ಪಸ್ ಎಂಟು ವರ್ಷ ನಡೆಸಿದ. ಅವನ ನಂತರ ಚುನಾವಣೆಯೇ ನಡೆಯಿತು. ಅಲ್ಲಿದ್ದ ತರುಣರು ಮತ ಹಾಕಿ ಕ್ಸೆನೋಕ್ರಟೀಸನನ್ನು ಆರಿಸಿದರು. ಹೆರಕ್ಲೈಡಿಸ್ ಮತ್ತು ಮೆನೆಡೆಮಸ್ ಎಂಬಿಬ್ಬರು ಕೆಲವೇ ಮತಗಳಿಂದ ಸೋತರು. ಅರಿಸ್ಟಾಟಲ್ ಆಗ ಮ್ಯಾಸಿಡೋನಿಯದಲ್ಲಿದ್ದ. ಈ ವಿವರ ನಮಗೆ ದೊರೆತ ಬಗೆಯೂ ರೋಚಕವಾಗಿದೆ. ಫಿಲೊಡೆಮಸ್ ಬರೆದ ಅಕಾಡೆಮಿಯ ಚರಿತ್ರೆಯ ಸುರುಳಿಯೊಂದು ಕ್ರಿ.ಶ. 79ರ ವೆಸುವಿಯಸ್ ಜ್ವಾಲಾಮುಖಿಯಲ್ಲಿ ಹರ್ಕ್ಯುಲೇನಿಯಮ್ ನಗರದೊಡನೆ ಹೂತುಹೋಗಿ, ಇದ್ದಿಲಿನಂತೆ ಕರಿದಾಗಿ ಉಳಿದಿತ್ತು. ಅದನ್ನು ಇಂದಿಗೂ ಹೊಸ ಉಪಕರಣಗಳಿಂದ ಓದುತ್ತಿದ್ದಾರೆ. ಪ್ಲೇಟೋನನ್ನು ಅವನ ತೋಟದಲ್ಲಿಯೇ, ಮ್ಯೂಸ್ ದೇವತೆಗಳ ಗುಡಿಯ ಬಳಿ ಮಣ್ಣು ಮಾಡಿದರೆಂಬ ಓದನ್ನು ಇಟಲಿಯ ವಿದ್ವಾಂಸರು 2024ರಲ್ಲಿ ಪ್ರಕಟಿಸಿದರು.

ಲೆಕ್ಕದ ಮೇಷ್ಟರು:
ನಾನು ಮೂವತ್ತು ವರ್ಷ ಗಣಿತ ಕಲಿಸಿದವನು. ‘ಜ್ಯಾಮಿತಿ ಅರಿಯದವರು ಒಳಗೆ ಬರಬಾರದು’ ಎಂದು ಅಕಾಡೆಮಿಯ ಬಾಗಿಲ ಮೇಲೆ ಬರೆದಿತ್ತೆಂಬುದನ್ನು ಪ್ರತಿ ವರ್ಷವೂ ಮೊದಲ ದಿನ ಹಲಗೆಯ ಮೇಲೆ ಬರೆಯುತ್ತಿದ್ದೆ. ಓದುಮನೆಯವರು ಅದನ್ನು ಪಾಠದಲ್ಲಿ ಖಂಡಿತ ಸೇರಿಸಬೇಕು.

ಹಳೆಯ ವಿದ್ಯಾರ್ಥಿ:
ಮೇಷ್ಟರೇ, ಗೌರವದಿಂದಲೇ ಒಂದು ತಿದ್ದುಪಡಿ. ಆ ಬರಹದ ಉಲ್ಲೇಖ ಪ್ಲೇಟೋನ ಕಾಲದವರಲ್ಲಿ ಯಾರಲ್ಲಿಯೂ ಇಲ್ಲ. ಅವನು ತೀರಿಹೋಗಿ ಹಲವು ಶತಮಾನಗಳಾದ ಮೇಲಿನ ವ್ಯಾಖ್ಯಾನಕಾರರಲ್ಲಿ ಮಾತ್ರ ಸಿಗುತ್ತದೆ. ಶಾಸನಪ್ರಿಯ ಅವರು ಹೇಳಿದಂತೆ ಅದು ಸಾರ್ವಜನಿಕ ಗರಡಿಮನೆ. ಊರಿನ ಗರಡಿಯ ಬಾಗಿಲಿಗೆ ಯಾರನ್ನೂ ತಡೆಯುವ ಫಲಕ ಹಾಕುವ ಅಧಿಕಾರ ಅವನಿಗಿರಲಿಲ್ಲ.

ಲೆಕ್ಕದ ಮೇಷ್ಟರು:
ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತೇನೆ, ಮನಸ್ಸಿಗೆ ಸ್ವಲ್ಪ ನೋವಾದರೂ ಸರಿ. ಆದರೆ ಫಲಕ ಸುಳ್ಳಾದರೂ ಅದರ ಹಿಂದಿನ ಆಶಯ ಸುಳ್ಳಲ್ಲ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಏಳನೆಯ ಭಾಗದಲ್ಲಿ ನಾಡನ್ನು ಆಳಬೇಕಾದವರು ಇಪ್ಪತ್ತರಿಂದ ಮೂವತ್ತರ ವಯಸ್ಸಿನವರೆಗೆ ಗಣಿತಶಾಸ್ತ್ರಗಳನ್ನು ಪರಸ್ಪರ ಸಂಬಂಧಿಸಿ ಅಭ್ಯಾಸ ಮಾಡಬೇಕು, ಆಮೇಲೆ ತತ್ತ್ವಚರ್ಚೆಗೆ ಇಳಿಯಬೇಕು ಎನ್ನುತ್ತಾನೆ. ಅವನ ಸುತ್ತ ಇದ್ದವರನ್ನು ನೋಡಿ. ಥಿಯಟಿಟಸ್ ವರ್ಗಮೂಲಗಳಲ್ಲಿ ಭಿನ್ನರಾಶಿಯಾಗಿ ಹೇಳಲಾಗದವುಗಳನ್ನು ವರ್ಗೀಕರಿಸಿದ. ಕ್ನಿಡಸ್ ಊರಿನ ಯೂಡಾಕ್ಸಸ್ ಅಂತಹ ರಾಶಿಗಳಿಗೂ ಅನ್ವಯಿಸುವ ಅನುಪಾತದ ಸಿದ್ಧಾಂತವನ್ನು ರೂಪಿಸಿದ. ಯೂಕ್ಲಿಡನ ಐದನೆಯ ಪುಸ್ತಕಕ್ಕೆ ಅದೇ ತಳಹದಿ. ಶಂಕುವಿನ ಘನಫಲವು ಅದೇ ಪಾದ ಮತ್ತು ಎತ್ತರದ ಸಿಲಿಂಡರಿನ ಮೂರನೆಯ ಒಂದು ಭಾಗವೆಂದು ಸಾಧಿಸಿ ತೋರಿಸಿದವನೂ ಅವನೇ ಎಂದು ಆರ್ಕಿಮಿಡೀಸ್ ಬರೆದಿದ್ದಾನೆ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಇಂದಿಗೂ ಆ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಅದರ ಹಿಂದೆ ಒಬ್ಬ ಮನುಷ್ಯನಿದ್ದನೆಂದು ಅವರಿಗೆ ಯಾರೂ ಹೇಳುವುದಿಲ್ಲ.

ಇನ್ನೊಂದು ಪ್ರಸಂಗ ಹೇಳಲೇಬೇಕು. ಎಪಿಕ್ರಟೀಸ್ ಎಂಬ ನಾಟಕಕಾರನ ಪ್ರಹಸನದ ತುಣುಕೊಂದು ಉಳಿದಿದೆ. ಅಕಾಡೆಮಿಯ ಗರಡಿಯಲ್ಲಿ ಹುಡುಗರ ಗುಂಪೊಂದು ಕುಂಬಳಕಾಯಿಯನ್ನು ಮುಂದಿಟ್ಟುಕೊಂಡು ಅದು ಯಾವ ವರ್ಗಕ್ಕೆ ಸೇರಿದ್ದೆಂದು ತಲೆ ತಗ್ಗಿಸಿ ಯೋಚಿಸುತ್ತಿದೆ. ಒಬ್ಬ ಅದು ದುಂಡಗಿನ ತರಕಾರಿ ಎನ್ನುತ್ತಾನೆ, ಇನ್ನೊಬ್ಬ ಹುಲ್ಲು ಎನ್ನುತ್ತಾನೆ, ಮತ್ತೊಬ್ಬ ಮರ ಎನ್ನುತ್ತಾನೆ. ಸಿಸಿಲಿಯಿಂದ ಬಂದ ವೈದ್ಯನೊಬ್ಬ ಅದನ್ನು ಕೇಳಿ ಅವಮಾನವಾಗುವಂತೆ ನಡೆದುಕೊಳ್ಳುತ್ತಾನೆ. ಹುಡುಗರು ವಿಚಲಿತರಾಗುವುದಿಲ್ಲ. ಅಲ್ಲೇ ಇದ್ದ ಪ್ಲೇಟೋ ಸ್ವಲ್ಪವೂ ಸಿಡುಕದೆ, ಮೃದುವಾಗಿ, ಮತ್ತೆ ಮೊದಲಿನಿಂದ ವಿಂಗಡಿಸಲು ಹೇಳುತ್ತಾನೆ. ನಾಟಕಕಾರ ನಗಿಸಲು ಬರೆದದ್ದೇ ಇರಬಹುದು, ಆದರೆ ಒಳ್ಳೆಯ ಮೇಷ್ಟರೊಬ್ಬರ ಚಿತ್ರ ಇದಕ್ಕಿಂತ ಚೆನ್ನಾಗಿ ನನಗೆ ಬೇರೆಲ್ಲಿಯೂ ಸಿಕ್ಕಿಲ್ಲ.

ಹಿತ್ತಲಗಿಡ:
ಕುಂಬಳಕಾಯಿ ಅಲ್ಲ, ಸೋರೆಕಾಯಿ ಆಗಿರಬೇಕು. ಈಗ ನಾವು ತಿನ್ನುವ ಸಿಹಿಗುಂಬಳ ಅಮೆರಿಕ ಖಂಡದಿಂದ ಬಂದದ್ದು. ಪ್ಲೇಟೋನ ಕಾಲದ ಅಥೆನ್ಸಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ತಂಬೂರಿಯ ಬುರುಡೆಗೆ ಬಳಸುವ ದುಂಡು ಸೋರೆಯನ್ನು ನೆನಪಿಸಿಕೊಂಡರೆ ‘ದುಂಡಗಿನ ತರಕಾರಿ’ ಎಂಬ ಮಾತೂ ಹೊಂದುತ್ತದೆ.

ದಾಸವಾಳ:
ಇಷ್ಟು ಹೊತ್ತಿನಿಂದ ಬರೀ ಗಂಡಸರ ಹೆಸರುಗಳೇ ಬರುತ್ತಿವೆ. ಓದುಮನೆ ಅವರೇ, ನಿಮ್ಮ ತರಗತಿಯಲ್ಲಿ ಹೆಣ್ಣುಮಕ್ಕಳೂ ಇರುತ್ತಾರಲ್ಲವೇ? ಪ್ಲೇಟೋನ ಶಿಷ್ಯರ ಪಟ್ಟಿಯಲ್ಲಿ ಮ್ಯಾಂಟಿನಿಯದ ಲಾಸ್ತೆನಿಯ ಮತ್ತು ಫ್ಲಿಯುಸ್ ಊರಿನ ಆಕ್ಸಿಯೋತಿಯ ಎಂಬ ಇಬ್ಬರು ಮಹಿಳೆಯರ ಹೆಸರುಗಳಿವೆ. ಆಕ್ಸಿಯೋತಿಯ ಗಂಡಸರ ಉಡುಪು ತೊಟ್ಟು ಬರುತ್ತಿದ್ದಳೆಂದು ಹಳೆಯ ಬರಹಗಾರರು ಹೇಳುತ್ತಾರೆ. ಊರಿನ ಹೆಂಗಸರು ಮನೆಯ ಒಳಭಾಗದಲ್ಲೇ ಇರಬೇಕೆಂದು ಬಯಸುತ್ತಿದ್ದ ಅಥೆನ್ಸಿನಲ್ಲಿ ಬೇರೆ ಊರಿನ ಹೆಣ್ಣುಮಗಳೊಬ್ಬಳು ಗರಡಿಮನೆಯ ಚರ್ಚೆಗೆ ಹೋಗಿ ಕೂರಲು ಎಷ್ಟು ಧೈರ್ಯ ಬೇಕಾಗಿತ್ತೆಂದು ಯೋಚಿಸಿ. ಎಂಟುನೂರು ವರ್ಷಗಳ ನಂತರದ ಅಥೆನ್ಸಿನಲ್ಲಿಯೂ ತತ್ತ್ವಜ್ಞಾನಿ ಪ್ಲುಟಾರ್ಕನ ಮಗಳು ಅಸ್ಕ್ಲೆಪಿಜಿನಿಯ ತನ್ನ ತಂದೆಯಿಂದ ಬಂದ ರಹಸ್ಯ ಪೂಜಾವಿಧಿಗಳನ್ನು ಪ್ರೋಕ್ಲಸನಿಗೆ ಕಲಿಸಿದಳು. ಇದನ್ನು ಪ್ರೋಕ್ಲಸನ ಶಿಷ್ಯ ಮರೀನಸನೇ ಗುರುವಿನ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾನೆ.

ಬೆಳ್ಳಕ್ಕಿ:
ಈ ಹೆಸರುಗಳನ್ನು ಮೊದಲ ಬಾರಿಗೆ ಕೇಳುತ್ತಿದ್ದೇನೆ. ಧನ್ಯವಾದಗಳು.

ಹಳೆಯ ವಿದ್ಯಾರ್ಥಿ:
ನನ್ನ ಪ್ರಕಾರ ಅಕಾಡೆಮಿಯ ಅತ್ಯಂತ ತೀಕ್ಷ್ಣ ಬುದ್ಧಿಯ ಮನುಷ್ಯ ಪ್ಲೇಟೋನ ನಂತರ ಇನ್ನೂರು ವರ್ಷಕ್ಕೆ ಬಂದ ಕಾರ್ನಿಯಡೀಸ್. ಉತ್ತರ ಆಫ್ರಿಕಾದ ಸಿರೀನ್ ನಗರದಿಂದ ಬಂದವನು. ಅವನಿಗಿಂತ ಮೊದಲೇ ಅರ್ಸೆಸಿಲಾಸ್ ಎಂಬ ಮುಖ್ಯಸ್ಥ ಅಕಾಡೆಮಿಯನ್ನು ಸಂದೇಹವಾದದ ಕಡೆ ತಿರುಗಿಸಿದ್ದ: ಯಾವ ಸಿದ್ಧಾಂತವನ್ನೂ ತನ್ನದೆಂದು ಮಂಡಿಸುವುದಿಲ್ಲ, ಎದುರಿನವನ ಮಾತನ್ನು ಪರೀಕ್ಷಿಸುತ್ತೇನೆ ಎಂಬುದು ಅವನ ಮಾರ್ಗ. ಕಾರ್ನಿಯಡೀಸ್ ಅದನ್ನು ಶಿಖರಕ್ಕೆ ಮುಟ್ಟಿಸಿದ. ಸ್ಟೋಯಿಕ್ ಪಂಥದ ಕ್ರಿಸಿಪ್ಪಸನ ಗ್ರಂಥಗಳನ್ನು ಎಷ್ಟು ಆಳವಾಗಿ ಅಭ್ಯಾಸ ಮಾಡಿದ್ದನೆಂದರೆ, ಕ್ರಿಸಿಪ್ಪಸ್ ಇಲ್ಲದಿದ್ದರೆ ತಾನೂ ಇರುತ್ತಿರಲಿಲ್ಲ ಎಂದು ಅವನೇ ಹೇಳಿಕೊಂಡಿದ್ದ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿ ಮಂಡಿಸದೆ ಖಂಡನೆಗೆ ಕೈಹಾಕಬಾರದೆಂದು ನಮ್ಮ ಶಾಸ್ತ್ರಕಾರರು ಪಾಲಿಸುತ್ತಿದ್ದ ಶಿಸ್ತನ್ನು ಬಲ್ಲವರಿಗೆ ಕಾರ್ನಿಯಡೀಸನ ಹಿರಿಮೆ ಬೇಗ ಅರ್ಥವಾಗುತ್ತದೆ.

ಕ್ರಿ.ಪೂ. 155ರಲ್ಲಿ ಅಥೆನ್ಸ್ ತನ್ನ ಮೇಲೆ ಹೇರಲಾಗಿದ್ದ ಐನೂರು ಟ್ಯಾಲೆಂಟ್ ದಂಡವನ್ನು ಕಡಿಮೆ ಮಾಡಿಸಲು ಮೂವರು ತತ್ತ್ವಜ್ಞಾನಿಗಳನ್ನು ರೋಮ್‌ಗೆ ದೂತರನ್ನಾಗಿ ಕಳುಹಿಸಿತು: ಕಾರ್ನಿಯಡೀಸ್, ಸ್ಟೋಯಿಕ್ ಪಂಥದ ಡಯೋಜಿನಿಸ್, ಲೈಸಿಯಮ್ಮಿನ ಕ್ರಿಟೊಲಾಸ್. ಅಲ್ಲಿ ಕಾರ್ನಿಯಡೀಸ್ ಒಂದು ದಿನ ನ್ಯಾಯವನ್ನು ಸಮರ್ಥಿಸಿ ಭಾಷಣ ಮಾಡಿದ, ಮರುದಿನ ಅದೇ ವಾದಗಳನ್ನು ಒಂದೊಂದಾಗಿ ಕೆಡವಿದ. ರೋಮಿನ ತರುಣರು ಮುಗಿಬಿದ್ದು ಕೇಳಿದರು. ಹಿರಿಯ ಕೇಟೋ ಗಾಬರಿಯಾಗಿ, ಇವರ ಕೆಲಸವನ್ನು ಬೇಗ ಮುಗಿಸಿ ಊರಿಗೆ ಕಳುಹಿಸಿಬಿಡಿ ಎಂದು ಸೆನೆಟ್ಟನ್ನು ಒತ್ತಾಯಿಸಿದ.

ಕಾರ್ನಿಯಡೀಸ್ ಏನನ್ನೂ ಬರೆಯಲಿಲ್ಲ. ಬರೆದವನು ಅವನ ಶಿಷ್ಯ ಕ್ಲೈಟೋಮಾಕಸ್. ಈತ ಕಾರ್ತೇಜಿನವನು, ಹುಟ್ಟಿನ ಹೆಸರು ಹಸ್ದ್ರುಬಲ್. ನಾನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದನಂತೆ. ಅವುಗಳಲ್ಲಿ ಒಂದೂ ಉಳಿದಿಲ್ಲ. ಇಷ್ಟು ವರ್ಷ ಜೊತೆಗಿದ್ದರೂ ತನ್ನ ಗುರು ನಿಜವಾಗಿ ಯಾವುದನ್ನು ಒಪ್ಪುತ್ತಿದ್ದನೆಂಬುದು ತನಗೆ ಕೊನೆಗೂ ತಿಳಿಯಲಿಲ್ಲ ಎಂದು ಅವನು ಹೇಳಿದ್ದನ್ನು ರೋಮಿನ ವಾಗ್ಮಿ ಸಿಸೆರೊ ದಾಖಲಿಸಿದ್ದಾನೆ.

ತುಂಗಾತೀರ:
ನೀವೇ ನನ್ನ ಎದುರಾಳಿಗಳಿಗೆ ಆಯುಧ ಕೊಟ್ಟಿದ್ದೀರಿ. ಪ್ಲೇಟೋ ಕಣ್ಣಿಗೆ ಕಾಣುವ ವಸ್ತುಗಳಾಚೆ ಎಂದೂ ಬದಲಾಗದ ಶಾಶ್ವತ ರೂಪಗಳಿವೆ ಎಂದು ಬರೆದವನು. ಯಾವುದನ್ನೂ ಖಚಿತವಾಗಿ ಹೇಳಬಾರದೆನ್ನುವ ಕಾರ್ನಿಯಡೀಸನನ್ನು ಅವನ ಪರಂಪರೆಯವನೆಂದು ಹೇಗೆ ಒಪ್ಪುವುದು?

ಹಳೆಯ ವಿದ್ಯಾರ್ಥಿ:
ಇದೇ ಪ್ರಶ್ನೆಯ ಮೇಲೆ ಅಕಾಡೆಮಿಯ ಕೊನೆಯ ಮುಖ್ಯಸ್ಥ ಫಿಲೋ ಮತ್ತು ಅವನ ಶಿಷ್ಯ ಅಂತಿಯೋಕಸ್ ಜಗಳವಾಡಿದರು. ಕ್ರಿ.ಪೂ. 88ರಲ್ಲಿ ಯುದ್ಧದ ಭಯದಿಂದ ಫಿಲೋ ರೋಮ್‌ಗೆ ಓಡಿಹೋದ. ಅಲ್ಲಿ ಅವನು ಬರೆದ ಪುಸ್ತಕಗಳಲ್ಲಿ ಇರುವುದು ಒಂದೇ ಅಕಾಡೆಮಿ, ಹಳತು ಹೊಸತು ಎಂಬ ಎರಡಿಲ್ಲ ಎಂದು ವಾದಿಸಿದ. ಆ ಪುಸ್ತಕಗಳು ಅಲೆಕ್ಸಾಂಡ್ರಿಯದಲ್ಲಿದ್ದ ಅಂತಿಯೋಕಸನ ಕೈಸೇರಿದಾಗ ಅವನು ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾಗಿ ಗುರುವಿನ ವಿರುದ್ಧವೇ ‘ಸೋಸಸ್’ ಎಂಬ ಗ್ರಂಥ ಬರೆದ. ಸಂದೇಹವಾದಿಗಳು ಪ್ಲೇಟೋನ ದಾರಿ ಬಿಟ್ಟರು, ನಾನು ಹಳೆಯ ಅಕಾಡೆಮಿಯನ್ನು ಮತ್ತೆ ಎತ್ತಿ ನಿಲ್ಲಿಸುತ್ತೇನೆ ಎಂಬುದು ಅವನ ಪಟ್ಟು. ಸಾಕ್ರಟೀಸನ ಪ್ರಶ್ನಿಸುವ ಗುಣವನ್ನು ಮೂಲವೆಂದು ಹಿಡಿದರೆ ಕಾರ್ನಿಯಡೀಸ್ ಸರಿ. ಗ್ರಂಥಗಳಲ್ಲಿನ ಸಿದ್ಧಾಂತವನ್ನು ಹಿಡಿದರೆ ಅಂತಿಯೋಕಸ್ ಸರಿ. ಪ್ಲೇಟೋನ ಎದುರಿನಲ್ಲೇ ಅರಿಸ್ಟಾಟಲ್ ಇಪ್ಪತ್ತು ವರ್ಷ ಇದ್ದ, ಅವನೂ ಸ್ಪ್ಯೂಸಿಪ್ಪಸನೂ ಗುರುವಿನ ರೂಪಸಿದ್ಧಾಂತವನ್ನು ಒಪ್ಪಲಿಲ್ಲ. ಆದರೂ ಸ್ಪ್ಯೂಸಿಪ್ಪಸನೇ ಮುಖ್ಯಸ್ಥನಾದ ಎಂಬುದನ್ನು ನೆನೆದರೆ ನನಗೆ ಫಿಲೋನ ಮಾತೇ ಹೆಚ್ಚು ಹಿಡಿಸುತ್ತದೆ.

ಕಡಲಾಚೆ:
ಕೆಲಸದ ನಿಮಿತ್ತ ಅಥೆನ್ಸಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಆ ಜಾಗವನ್ನು ಹುಡುಕಿಕೊಂಡು ಹೋಗಿದ್ದೆ. ಅದು ಈಗ ಜನವಸತಿಯ ನಡುವೆ ಇರುವ ಒಂದು ಉದ್ಯಾನ. 1929ರಲ್ಲಿ ಅರಿಸ್ಟೊಫ್ರೋನ್ ಎಂಬುವರು ತಮ್ಮ ಸ್ವಂತ ಹಣದಿಂದ ಅಲ್ಲಿ ಉತ್ಖನನ ಆರಂಭಿಸಿದರು. ಗರಡಿಯ ಅಡಿಪಾಯ ಮುಂತಾದವು ಬೆಳಕಿಗೆ ಬಂದವು. ‘ಹೆಕಡೆಮಿಯ ಗಡಿ’ ಎಂದು ಕೆತ್ತಿದ ಗಡಿಕಲ್ಲು ಸಿಕ್ಕಿದ್ದರಿಂದ ಸ್ಥಳದ ಬಗ್ಗೆ ಅನುಮಾನ ಉಳಿದಿಲ್ಲ. ನಾನು ಹೋದ ದಿನ ಮರಗಳ ಕೆಳಗೆ ಇಬ್ಬರು ಅಜ್ಜಂದಿರು ಕುಳಿತಿದ್ದರು, ಮಕ್ಕಳು ಚೆಂಡಾಡುತ್ತಿದ್ದರು. ಯಾರೂ ಟಿಕೆಟ್ ಕೇಳಲಿಲ್ಲ. ಆಕ್ರೊಪೊಲಿಸ್‌ನಲ್ಲಿ ಕಂಡ ಜನಜಂಗುಳಿಯ ಒಂದಂಶವೂ ಅಲ್ಲಿರಲಿಲ್ಲ. ಸಿಸೆರೊ ಕ್ರಿ.ಪೂ. 79ರಲ್ಲಿ ಬಂದಾಗಲೂ ಅಕಾಡೆಮಿ ಪಾಳುಬಿದ್ದು ನಿರ್ಜನವಾಗಿತ್ತೆಂದು ಓದಿದ್ದೆ. ಆ ಮಾತು ನೆನಪಾಗಿ ಗಂಟಲು ಕಟ್ಟಿತು.

ಶಾಸನಪ್ರಿಯ:
ಕಡಲಾಚೆ ಅವರೇ, ನಿಮ್ಮ ಅನುಭವ ಓದಿ ನನಗೂ ಅಲ್ಲಿಗೆ ಹೋಗಬೇಕೆನಿಸಿತು. ಆದರೆ ಸಿಸೆರೊನ ಮಾತು ಬೇರೆ. ಅವನೂ ಅವನ ಗೆಳೆಯರೂ ಅಂತಿಯೋಕಸನ ಪಾಠವನ್ನು ಊರೊಳಗಿನ ಟಾಲೆಮಿಯ ಹೆಸರಿನ ಗರಡಿಯಲ್ಲಿ ಕೇಳಿ, ಮಧ್ಯಾಹ್ನ ಅಕಾಡೆಮಿಯಲ್ಲಿ ಅಡ್ಡಾಡಲು ಹೋದರು. ಆ ಹೊತ್ತಿನಲ್ಲಿ ಅಲ್ಲಿ ಜನಸಂದಣಿ ಇರುವುದಿಲ್ಲ ಎಂಬುದೇ ಕಾರಣವೆಂದು ಅವನು ಬರೆಯುತ್ತಾನೆ. ಅಂದರೆ ಬೇರೆ ಹೊತ್ತಿನಲ್ಲಿ ಜನರಿರುತ್ತಿದ್ದರು. ಸುಲ್ಲಾ ಮುತ್ತಿಗೆಯ ಯಂತ್ರಗಳಿಗಾಗಿ ಮರ ಕಡಿಸಿದ್ದು ನಿಜ. ಚರಿತ್ರಕಾರ ಪ್ಲುಟಾರ್ಕ್ ಅದನ್ನು ಹೇಳುತ್ತಾ, ಊರಿನ ಹೊರವಲಯಗಳಲ್ಲೆಲ್ಲ ಹೆಚ್ಚು ಮರಗಳಿದ್ದ ಜಾಗ ಅದೆಂದು ಸೇರಿಸುತ್ತಾನೆ. ಆದರೆ ಏಳು ವರ್ಷದ ನಂತರ ಗರಡಿ ಬಳಕೆಯಲ್ಲೇ ಇತ್ತು. ಇಲ್ಲವಾದದ್ದು ಬೇರೆ: ಪಾಠ ಅಲ್ಲಿ ನಡೆಯುತ್ತಿರಲಿಲ್ಲ, ಆ ಜಾಗಕ್ಕೆ ಆರಿಸಿದ ಮುಖ್ಯಸ್ಥನಿರಲಿಲ್ಲ.

ಕಡಲಾಚೆ:
ತಿದ್ದಿದ್ದಕ್ಕೆ ಧನ್ಯವಾದಗಳು. ನಾನು ಓದಿದ್ದು ಒಂದು ಪ್ರವಾಸಿ ಕೈಪಿಡಿಯಲ್ಲಿ, ಮೂಲವನ್ನು ನೋಡಬೇಕಿತ್ತು.

ತುಂಗಾತೀರ:
ಮುಖ್ಯಸ್ಥರ ಸರಪಳಿ ಕಡಿಯಿತೆಂದು ಈಗ ಒಪ್ಪುತ್ತೇನೆ. ಆದರೆ ಅಥೆನ್ಸಿನಲ್ಲಿ ಪ್ಲೇಟೋನ ಪಾಠ ಅಳಿಯಿತೆಂದು ಮಾತ್ರ ಹೇಳಬೇಡಿ. ಕ್ರಿ.ಶ. ಮೊದಲ ಶತಮಾನದಲ್ಲಿ ಅಮೋನಿಯಸ್ ಅದೇ ಊರಿನಲ್ಲಿ ಚರಿತ್ರಕಾರ ಪ್ಲುಟಾರ್ಕನಿಗೆ ಕಲಿಸಿದ. ಎರಡನೆಯ ಶತಮಾನದಲ್ಲಿ ಟಾರಸ್ ಕಲಿಸಿದ. 176ರಲ್ಲಿ ಚಕ್ರವರ್ತಿ ಮಾರ್ಕಸ್ ಆರೆಲಿಯಸ್ ಪ್ಲೇಟೋ, ಅರಿಸ್ಟಾಟಲ್, ಸ್ಟೋಯಿಕ್, ಎಪಿಕ್ಯೂರಸ್ ಈ ನಾಲ್ಕೂ ಮಾರ್ಗಗಳಿಗೆ ಅಥೆನ್ಸಿನಲ್ಲಿ ಪೀಠಗಳನ್ನು ಸ್ಥಾಪಿಸಿ, ವರ್ಷಕ್ಕೆ ಹತ್ತು ಸಾವಿರ ದ್ರಾಖ್ಮ ಸಂಬಳ ಗೊತ್ತುಮಾಡಿದ.

ಶಾಸನಪ್ರಿಯ:
ಇದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಅವು ಅರಮನೆಯ ಸಂಬಳದ ಹುದ್ದೆಗಳು. ಪ್ಲೇಟೋನ ತೋಟದ ಮುಂದುವರಿಕೆಯಲ್ಲ. 267ರಲ್ಲಿ ಹೆರೂಲಿ ಪಡೆಗಳು ಅಥೆನ್ಸನ್ನು ಸುಟ್ಟವು. ನೆಸ್ಟೋರಿಯಸನ ಮಗ ಪ್ಲುಟಾರ್ಕ್ ಎಂಬ ಇನ್ನೊಬ್ಬ, ಅಂದರೆ ದಾಸವಾಳ ಅವರು ಹೇಳಿದ ಅಸ್ಕ್ಲೆಪಿಜಿನಿಯಳ ತಂದೆ, ನಾಲ್ಕನೆಯ ಶತಮಾನದ ಕೊನೆಯ ಸುಮಾರಿಗೆ ತನ್ನ ಮನೆಯಲ್ಲಿ ಪ್ಲೇಟೋವಿನ ಅಧ್ಯಯನವನ್ನು ಹೊಸದಾಗಿ ಆರಂಭಿಸಿದ. ಅವನ ನಂತರ ಸಿರಿಯಾನಸ್, ಆಮೇಲೆ ಪ್ರೋಕ್ಲಸ್, ಮರೀನಸ್, ಕೊನೆಗೆ ಡಮಾಸ್ಕಿಯಸ್.

ಇದಕ್ಕೆ ನನ್ನ ಬಳಿ ಇರುವ ಅತ್ಯಂತ ಬಲವಾದ ಸಾಕ್ಷಿ ಡಮಾಸ್ಕಿಯಸನೇ. ಉತ್ತರಾಧಿಕಾರಿಗಳ ಆಸ್ತಿ ಪ್ಲೇಟೋನದೆಂದು ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ, ಪ್ಲೇಟೋ ಬಡವನಾಗಿದ್ದ, ಅವನಿಗಿದ್ದದ್ದು ಅಕಾಡೆಮಿಯ ತೋಟ ಮಾತ್ರ, ಅದರ ಹುಟ್ಟುವಳಿ ಮೂರು ಹೊನ್ನು. ಪ್ರೋಕ್ಲಸನ ಕಾಲಕ್ಕೆ ಒಟ್ಟು ವರಮಾನ ಸಾವಿರ ಹೊನ್ನು ಮುಟ್ಟಿತ್ತು, ಏಕೆಂದರೆ ವಿದ್ಯಾಪ್ರಿಯರು ಸಾಯುವಾಗ ಉಯಿಲು ಬರೆದು ಕೊಡುತ್ತಿದ್ದರು ಎಂದು ಅವನು ಬರೆಯುತ್ತಾನೆ. ಪರಂಪರೆಯ ಕೊನೆಯ ಗುರುವೇ ಲೆಕ್ಕ ಬಿಡಿಸಿ ಹೇಳಿರುವಾಗ ನಾವು ಬೇರೆ ಹೇಳಬಾರದು.

ಲೆಕ್ಕದ ಮೇಷ್ಟರು:
ಪ್ರೋಕ್ಲಸನ ಹೆಸರು ಬಂದದ್ದರಿಂದ ಒಂದು ಮಾತು. ಯೂಕ್ಲಿಡನ ಮೊದಲ ಪುಸ್ತಕಕ್ಕೆ ಅವನು ಬರೆದ ವ್ಯಾಖ್ಯಾನ ಇಲ್ಲದಿದ್ದರೆ ಗ್ರೀಕ್ ಜ್ಯಾಮಿತಿಯ ಆರಂಭದ ಇತಿಹಾಸ ನಮಗೆ ಬಹುಪಾಲು ಸಿಗುತ್ತಲೇ ಇರಲಿಲ್ಲ. ದಿನಕ್ಕೆ ಐದು ಪಾಠ ಹೇಳಿ, ಅದರ ಮೇಲೆ ಏಳುನೂರು ಸಾಲು ಬರೆಯುತ್ತಿದ್ದನೆಂದು ಮರೀನಸ್ ಹೇಳುತ್ತಾನೆ. ಪಾಠ ಹೇಳಿ ಮನೆಗೆ ಬಂದ ಮೇಲೆ ಏಳು ಸಾಲು ಬರೆಯುವುದೂ ಎಷ್ಟು ಕಷ್ಟವೆಂದು ನನಗೆ ಗೊತ್ತು.

ಬೆಳ್ಳಕ್ಕಿ:
529ರಲ್ಲಿ ನಡೆದದ್ದೇನು ಎಂಬುದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಹಳೆಯ ವಿದ್ಯಾರ್ಥಿ:
ಮಲಾಲಸ್ ಎಂಬ ಚರಿತ್ರಕಾರ, ಡೆಸಿಯಸ್ ಕಾನ್ಸಲ್ (ರೋಮನ್ನರ ವಾರ್ಷಿಕ ಉನ್ನತಾಧಿಕಾರಿ) ಆಗಿದ್ದ ವರ್ಷ, ಅಂದರೆ 529ರಲ್ಲಿ, ಅಥೆನ್ಸಿನಲ್ಲಿ ಯಾರೂ ತತ್ತ್ವಶಾಸ್ತ್ರ ಬೋಧಿಸಬಾರದೆಂದು ಚಕ್ರವರ್ತಿ ಅಪ್ಪಣೆ ಕಳುಹಿಸಿದನೆಂದು ಬರೆಯುತ್ತಾನೆ. ಜಸ್ಟಿನಿಯನ್ನನ ಕಾನೂನು ಸಂಹಿತೆಯಲ್ಲಿ ಹಳೆಯ ದೇವರುಗಳನ್ನು ಪೂಜಿಸುವವರು ಪಾಠ ಹೇಳಬಾರದು, ಸರ್ಕಾರದ ವೇತನ ಪಡೆಯಬಾರದು ಎಂಬ ವಿಧಿಯಿದೆ. ಸೈನಿಕರು ಬಂದು ಬಾಗಿಲಿಗೆ ಬೀಗ ಜಡಿದರೆಂಬ ಚಿತ್ರ ನಂತರದವರ ಕಲ್ಪನೆ.

ಮುಂದಿನದನ್ನು ಅಗಾಥಿಯಸ್ ಹೇಳುತ್ತಾನೆ. ಡಮಾಸ್ಕಿಯಸ್, ಸಿಂಪ್ಲಿಸಿಯಸ್, ಯೂಲಾಮಿಯಸ್, ಪ್ರಿಸ್ಕಿಯನ್, ಹರ್ಮಿಯಸ್, ಡಯೋಜಿನಿಸ್, ಗಾಜಾದ ಇಸಿಡೋರ್ ಎಂಬ ಏಳು ಜನ ಪರ್ಷಿಯಾದ ದೊರೆ ಖುಸ್ರೋನ ಆಸ್ಥಾನಕ್ಕೆ ಹೋದರು. ತತ್ತ್ವಜ್ಞಾನಿ ಅರಸನ ನಾಡೆಂದು ಕೇಳಿ ಹೋದವರಿಗೆ ಅಲ್ಲಿನ ನಡತೆ ಕಂಡು ನಿರಾಸೆಯಾಯಿತು. ಆದರೂ ಖುಸ್ರೋ ಅವರನ್ನು ಕೈಬಿಡಲಿಲ್ಲ. 532ರಲ್ಲಿ ರೋಮನ್ನರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಇವರು ತಮ್ಮ ಊರುಗಳಿಗೆ ಮರಳಿ ತಮ್ಮ ನಂಬಿಕೆ ಬದಲಿಸಬೇಕಾದ ಒತ್ತಾಯವಿಲ್ಲದೆ ಬದುಕಬಹುದೆಂಬ ಷರತ್ತನ್ನು ಬರೆಸಿದ. ಎರಡು ಸಾಮ್ರಾಜ್ಯಗಳ ಶಾಂತಿ ಒಪ್ಪಂದದಲ್ಲಿ ಏಳು ಮೇಷ್ಟರುಗಳಿಗಾಗಿ ಒಂದು ಷರತ್ತು! ಖುಸ್ರೋ ಕೇಳಿದ ಪ್ರಶ್ನೆಗಳಿಗೆ ಪ್ರಿಸ್ಕಿಯನ್ ಕೊಟ್ಟ ಉತ್ತರಗಳು ಲ್ಯಾಟಿನ್ ಅನುವಾದದಲ್ಲಿ ಉಳಿದಿವೆ: ಆತ್ಮವೆಂದರೇನು, ನಿದ್ರೆ ಏಕೆ, ಕನಸು ಏಕೆ, ಸಮುದ್ರದ ಉಬ್ಬರವಿಳಿತ ಏಕೆ ಎಂಬಂತಹ ಪ್ರಶ್ನೆಗಳು.

ದಾಸವಾಳ:
ಡಮಾಸ್ಕಿಯಸನ ಬಗ್ಗೆ ನನಗೆ ಬಹಳ ಪ್ರಿಯವಾದ ಸಂಗತಿಯೊಂದಿದೆ. ಸಿರಿಯಾದ ಎಮೆಸಾ ನಗರದಲ್ಲಿ 538ರ ಒಂದು ಸಮಾಧಿಕಲ್ಲು ಸಿಕ್ಕಿದೆ. ಜೋಸಿಮೆ ಎಂಬ ದಾಸಿಯ ಸಮಾಧಿ ಅದು. ದೇಹದಲ್ಲಿ ಮಾತ್ರ ದಾಸಿಯಾಗಿದ್ದವಳು ಈಗ ದೇಹಕ್ಕೂ ಬಿಡುಗಡೆ ಪಡೆದಳು ಎಂಬ ಅರ್ಥದ ಎರಡು ಸಾಲುಗಳು ಅದರ ಮೇಲಿವೆ. ಅದೇ ಪದ್ಯ ಗ್ರೀಕ್ ಕವನ ಸಂಕಲನದಲ್ಲಿ ಡಮಾಸ್ಕಿಯಸನ ಹೆಸರಿನಲ್ಲಿದೆ. ಎಪ್ಪತ್ತು ದಾಟಿದ ಗುರು, ಪಾಠ ಹೇಳುವ ಹಕ್ಕನ್ನೂ ಅಥೆನ್ಸನ್ನೂ ಕಳೆದುಕೊಂಡವನು, ದಾಸಿಯೊಬ್ಬಳಿಗೆ ಈ ಸಾಲು ಬರೆದನೆಂಬುದನ್ನು ಓದಿದಾಗ ನನಗೆ ಕಣ್ಣು ತುಂಬಿತು.

ಹಳೆಯ ವಿದ್ಯಾರ್ಥಿ:
ಸಿಂಪ್ಲಿಸಿಯಸನನ್ನೂ ಮರೆಯಬೇಡಿ. ಅರಿಸ್ಟಾಟಲನ ‘ಭೌತಶಾಸ್ತ್ರ’ಕ್ಕೆ ಅವನು ವ್ಯಾಖ್ಯಾನ ಬರೆದದ್ದು ಪರ್ಷಿಯಾದಿಂದ ಮರಳಿದ ನಂತರ. ಅದರಲ್ಲಿ ಸಾವಿರ ವರ್ಷದಷ್ಟು ಹಳೆಯ ತತ್ತ್ವಜ್ಞಾನಿ ಪರ್ಮೆನಿಡೀಸನ ಪದ್ಯಗಳನ್ನು ಉದ್ದುದ್ದವಾಗಿ ನಕಲು ಮಾಡಿದ್ದಾನೆ. ಆ ಪುಸ್ತಕ ಈಗ ಅಪರೂಪವಾಗಿರುವುದರಿಂದ ಹಾಗೆ ಮಾಡುತ್ತಿದ್ದೇನೆಂದು ಕಾರಣವನ್ನೂ ಕೊಡುತ್ತಾನೆ. ಇಂದು ಪರ್ಮೆನಿ‍ಡೀಸನ ಸಾಲುಗಳು ನಮಗೆ ಉಳಿದಿದ್ದರೆ ಅದರಲ್ಲಿ ದೊಡ್ಡ ಪಾಲು ಈ ನಕಲಿನಿಂದಲೇ. ಪಾಠ ಹೇಳಬಾರದೆಂಬ ಅಪ್ಪಣೆಯಿದ್ದ ಮನುಷ್ಯ, ಎದುರಿಗೆ ವಿದ್ಯಾರ್ಥಿಗಳಿಲ್ಲದೆ, ಮುಂದೆ ಯಾರೋ ಓದುವರೆಂದು ನಂಬಿ ಬರೆದ.

ತುಂಗಾತೀರ:
ಇದನ್ನೇ ನಾನು ಪರಂಪರೆ ಎಂದು ಕರೆದದ್ದು.

ಶಾಸನಪ್ರಿಯ:
ಆ ಅರ್ಥದಲ್ಲಾದರೆ ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಓದುಮನೆಯವರು ‘529ರಲ್ಲಿ ಗ್ರೀಕ್ ತತ್ತ್ವಶಾಸ್ತ್ರ ಮುಗಿಯಿತು’ ಎಂದು ಬರೆಯಬಾರದು. ಅಲೆಕ್ಸಾಂಡ್ರಿಯದಲ್ಲಿ ಪಾಠಗಳು ನಡೆಯುತ್ತಲೇ ಇದ್ದವು. ಒಲಿಂಪಿಯೊಡೊರಸ್ ಅಲ್ಲಿ 560ರ ದಶಕದಲ್ಲೂ ಬೋಧಿಸುತ್ತಿದ್ದ.

ಓದುಮನೆ:
ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಟಿಪ್ಪಣಿಯ ಮೊದಲ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಪ್ಲೇಟೋ ಕ್ರಿ.ಪೂ. 387ರ ಸುಮಾರಿಗೆ ಅಥೆನ್ಸಿನ ಹೊರವಲಯದ ಒಂದು ಗರಡಿಮನೆಯಲ್ಲಿ ಆರಂಭಿಸಿದ ಅಕಾಡೆಮಿ ಮುನ್ನೂರು ವರ್ಷ ನಡೆಯಿತು. ಅದು ನಿಂತ ಸುಮಾರು ಐನೂರು ವರ್ಷಗಳ ಮೇಲೆ ಅದೇ ಊರಿನ ಒಂದು ಮನೆಯಲ್ಲಿ ಪ್ಲೇಟೋನನ್ನು ಓದುವ ಹೊಸ ಶಾಲೆ ಹುಟ್ಟಿತು. 529ರಲ್ಲಿ ಜಸ್ಟಿನಿಯನ್ನನ ಅಪ್ಪಣೆಯಿಂದ ಪಾಠ ನಿಂತದ್ದು ಆ ಎರಡನೆಯ ಶಾಲೆಯದು.’ ಲಾಸ್ತೆನಿಯ, ಆಕ್ಸಿಯೋತಿಯ, ಅಸ್ಕ್ಲೆಪಿಜಿನಿಯ ಮೂವರ ಹೆಸರನ್ನೂ ಸೇರಿಸಿದ್ದೇನೆ. ಬಾಗಿಲ ಮೇಲಿನ ಫಲಕವನ್ನು ತೆಗೆದಿದ್ದೇನೆ, ಮೇಷ್ಟರು ಕ್ಷಮಿಸಬೇಕು.

ತುಂಗಾತೀರ:
ವಾಕ್ಯ ಉದ್ದವಾಯಿತು, ಆದರೆ ಸರಿಯಾಗಿದೆ.

ಲೆಕ್ಕದ ಮೇಷ್ಟರು:
ಫಲಕ ಹೋದರೆ ಹೋಗಲಿ. ತರಕಾರಿಯ ಪ್ರಸಂಗವನ್ನು ಮಾತ್ರ ಬಿಡಬೇಡಿ. ಸಾಧ್ಯವಾದರೆ ಪಾಠ ಶುರು ಮಾಡುವ ಮೊದಲೇ ಕಾಯಿಯನ್ನು ಮಕ್ಕಳ ಮುಂದೆ ಇಡಿ.

ಓದುಮನೆ:
ಪಕ್ಕದ ಮನೆಯ ಹಿತ್ತಲಿನಲ್ಲಿ ದುಂಡು ಸೋರೆಯ ಬಳ್ಳಿಯಿದೆ. ಒಂದು ಕಾಯಿ ಕೊಡಲು ಅವರು ಒಪ್ಪಿದ್ದಾರೆ. ಶನಿವಾರ ಮಕ್ಕಳು ಅದನ್ನು ಯಾವ ವರ್ಗಕ್ಕೆ ಸೇರಿಸಿದರೆಂದು ಭಾನುವಾರ ಇಲ್ಲಿ ಬರೆಯುತ್ತೇನೆ.